ಎರಡು ಸಲ ಎಣಿಸಿದ ಬೆಟ್ಟ

ಬೆಟ್ಟವನ್ನು ಎರಡು ಸಲ ಎಣಿಸಿದ್ದೀರಿ ಯಜಮಾನರೇ ಎಂದು ಫೋನಿನಲ್ಲಿ ಆ ಮನುಷ್ಯ ಹೇಳಿದ. ಅನ್ಸೆಲ್ಮೊ ಕೈಯಲ್ಲಿದ್ದ ಕಾಫಿಯನ್ನು ಕಂಪ್ಯೂಟರಿನ ತಲೆಯ ಮೇಲೆ ಇಟ್ಟುಬಿಟ್ಟ. ಅಲ್ಲಿ ಯಾರೂ ಏನೂ ಇಡಕೂಡದೆಂದು ಅವನೇ ಕೆಂಪು ಅಕ್ಷರದಲ್ಲಿ ಬರೆದು ಅಂಟಿಸಿ ಹತ್ತು ವರ್ಷವಾಗಿತ್ತು. ಅವನು ಫೋನ್ ಮಾಡಿದ್ದು ಬೇರೆ ಕಾರಣಕ್ಕೆ. ಗಾಡಿಯ ಚಕ್ರ ಓಡಿಸಿ ಇಂಜಿನ್ನಿನ ಬಲ ಅಳೆಯಲು ನೆಲದಲ್ಲಿ ಹೂತಿಟ್ಟ ಎರಡು ಉರುಳೆಗಳಲ್ಲಿ ಒಂದರ ಬೇರಿಂಗು ಎರಡು ದಿನದಿಂದ ಕರಕರ ಅನ್ನುತ್ತಿತ್ತು, ನಾಳೆ ಭಾನುವಾರದ ಓಟ, ಇವತ್ತು ಹನ್ನೊಂದು ಗಂಟೆಗೆ ತಂಗಿಯ ಗಂಡ ಎಲಾದಿಯೊ ತನ್ನ ರೇಸಿನ ಕಾರು ತರುವವನಿದ್ದ. ಯಂತ್ರ ಮಾರಿದ ಕಂಪನಿಯ ರಿಪೇರಿಯವನು ಅಮೆರಿಕದ ಯಾವುದೋ ಊರಲ್ಲಿ ಕೂತುಕೊಂಡು, ಸೆಟ್ಟಿಂಗಿನ ಪುಟ ತೆರೆದು ಒಂದೊಂದೇ ಸಾಲು ಓದಿ ಎಂದ. ಅನ್ಸೆಲ್ಮೊ ಚರ್ಚಿನ ಪೂಜೆಯಲ್ಲಿ ಪಾಠ ಓದುವವನ ಗಾಂಭೀರ್ಯದಿಂದ ಓದುತ್ತ ಹೋದ. ಆರನೆಯ ಸಾಲಿಗೆ ಆ ಕಡೆಯವನು ತಡೆದ. ಒಂದು ಪಾಯಿಂಟ್ ಸೊನ್ನೆ ಏಳು, ಇದನ್ನು ಯಾರು ಹಾಕಿದ್ದು? ನಾನೇ, ನಾವು ಬೆಟ್ಟದ ಮೇಲಿದ್ದೇವಲ್ಲ, ಎಂದ ಅನ್ಸೆಲ್ಮೊ, ಇದೂ ಗೊತ್ತಿಲ್ಲವೇ ಎಂಬ ದನಿಯಲ್ಲಿ. ಗೋಡೆಯ ಮೇಲೆ ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿ ಇದೆಯೇ? ಇದೆ. ಅದು ಗಾಳಿಯ ಒತ್ತಡ ಅಳೆಯುತ್ತದೆ, ಬೆಟ್ಟದ ತೆಳು ಗಾಳಿಗೆ ಎಷ್ಟು ಸೇರಿಸಬೇಕೋ ಅಷ್ಟನ್ನು ಯಂತ್ರ ತಾನೇ ಸೇರಿಸಿಕೊಳ್ಳುತ್ತದೆ, ಅದರ ಮೇಲೆ ನೀವು ನೂರಕ್ಕೆ ಏಳು ಸೇರಿಸಿದ್ದೀರಿ. ಎಷ್ಟು ದಿನದಿಂದ? ಮೊನ್ನೆಯಿಂದ, ಎಂದ ಅನ್ಸೆಲ್ಮೊ. ಐವತ್ತಾರು ವರ್ಷದ ಮನುಷ್ಯನ ಬಾಯಿಗೆ ಸುಳ್ಳು ಅಷ್ಟು ಸಲೀಸಾಗಿ ಬಂದದ್ದು ಅವನಿಗೇ ಆಶ್ಚರ್ಯ. ಬೇರಿಂಗಿನ ವಿಷಯ ಕೇಳುವುದನ್ನು ಮರೆತು ಫೋನ್ ಇಟ್ಟ.

ಮೋಸ ಮಾಡಿದ್ದಲ್ಲ. ಇದನ್ನು ಅವನು ಗಟ್ಟಿಯಾಗಿ ಹೇಳಿಕೊಂಡ, ಖಾಲಿ ಶೆಡ್ಡಿಗೆ. ಹತ್ತು ವರ್ಷದ ಹಿಂದೆ ಈ ಹಳೆಯ ಡೈನೊ ಯಂತ್ರವನ್ನು ಬಿಡಿಬಿಡಿಯಾಗಿ ಹಡಗಿನಲ್ಲಿ ತರಿಸಿ, ನಮ್ಮೂರು ಐಬೊನಿತೊದವರೆಗೆ ತಿರುವು ತಿರುವು ಹತ್ತಿಸಿ ಕೂರಿಸಿದಾಗ ನಮ್ಮ ಬೆಟ್ಟದಲ್ಲಿ ಕುದುರೆ, ಅಂದರೆ ಇಂಜಿನ್ನಿನ ಅಶ್ವಶಕ್ತಿ, ಅಳೆಯುವವರೇ ಇರಲಿಲ್ಲ. ಅಳೆಸಬೇಕೆಂದರೆ ಕರಾವಳಿಗೆ ಇಳಿಯಬೇಕು, ಅಲ್ಲಿಯವರು ನಮ್ಮ ಗಾಡಿಯನ್ನು ಉರುಳೆಗೆ ಹತ್ತಿಸುವ ಮೊದಲೇ ನಗುತ್ತಿದ್ದರು. ಮೊದಲ ದಿನ ಅನ್ಸೆಲ್ಮೊ ತನ್ನ ಸ್ವಂತ ಗಾಡಿ ಹತ್ತಿಸಿದ, ಬಂದ ಅಂಕಿ ಸಪ್ಪೆಯಾಗಿತ್ತು. ತೆಳು ಗಾಳಿಯಲ್ಲಿ ಇಂಜಿನ್ನು ನೂರಕ್ಕೆ ಏಳು ಕಳೆದುಕೊಳ್ಳುತ್ತದೆ ಎಂದು ಎಲ್ಲೋ ಓದಿದ್ದ. ಬಯಲಿನವರು ಬಯಲಿನವರಿಗಾಗಿ ಮಾಡಿದ ಯಂತ್ರ, ಅದಕ್ಕೆ ನಾವೆಲ್ಲಿ ನಿಂತಿದ್ದೇವೆಂದು ಹೇಗೆ ಗೊತ್ತಾಗಬೇಕು? ಸೆಟ್ಟಿಂಗಿನ ಪುಟದಲ್ಲಿ ಒಂದು ಖಾನೆ ಖಾಲಿ ಇತ್ತು, ತುಂಬಿದ. ಅವತ್ತಿನಿಂದ ಬೆಟ್ಟದ ಮೇಲೆ ಕುದುರೆಗಳು ಕೊಬ್ಬತೊಡಗಿದವು. ಹಳದಿ ಗೆರೆಯ ಹಿಂದೆ ಜನ ನಿಲ್ಲುತ್ತಾರೆ, ಗಾಡಿ ಕೂಗಿ ನಿಲ್ಲುತ್ತದೆ, ಅನ್ಸೆಲ್ಮೊ ಅಂಕಿಯನ್ನು ಮೊದಲು ತಾನು ನೋಡಿ, ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಬಾಯಿಬಿಟ್ಟು ಹೇಳುತ್ತಾನೆ. ಹಾಳೆಗೆ ಮೊಹರು ಒತ್ತಿ ಒಂದನ್ನು ಗೋಡೆಗೆ ಅಂಟಿಸುತ್ತಾನೆ. ಗಾಡಿಯವನು ಬಿಳಿ ಶೂ ಪಾಲಿಶ್ ತೆಗೆದು ಹಿಂದಿನ ಗಾಜಿನ ಮೇಲೆ ಅಂಕಿ ಬರೆದುಕೊಂಡು ಚೌಕದ ಸುತ್ತ ಮೂರು ಸುತ್ತು ಹೊಡೆಯುತ್ತಾನೆ. ನಮ್ಮಲ್ಲಿ ಮಗುವಿಗೆ ನಾಮಕರಣವಾದಾಗಲೂ ಇಷ್ಟು ಸುತ್ತು ಹೊಡೆಯುವುದಿಲ್ಲ. ಚಂಡಮಾರುತ ಛಾವಣಿ ಹಾರಿಸಿದ ವರ್ಷ ಅನ್ಸೆಲ್ಮೊ ಮೊದಲು ಎತ್ತಿ ಎದೆಗೊತ್ತಿಕೊಂಡದ್ದು ಗೋಡೆಯ ಹಾಳೆಗಳನ್ನು. ಆ ಹಾಳೆಗಳನ್ನು ಈಗ ನೋಡಿದ. ಎಲ್ಲದರ ಮೇಲೂ ತನ್ನ ಮೊಹರು. ಒಂದೂ ನಿಜವಲ್ಲ.

ಬರೀ ಜಂಬದ ಮಾತಾಗಿದ್ದರೆ ನುಂಗಿಕೊಳ್ಳಬಹುದಿತ್ತು. ಆದರೆ ಪ್ರತಿ ವರ್ಷ ಈ ತಿಂಗಳಲ್ಲಿ ಬೆಟ್ಟದವರು ಕರಾವಳಿಯ ಗ್ವಾಯಾಮಾಕ್ಕೆ ಇಳಿಯುತ್ತಾರೆ, ಮುಚ್ಚಿಹೋದ ಸಕ್ಕರೆ ಗಿರಣಿಯ ಹಿಂದಿನ ಡಾಂಬರು ಪಟ್ಟಿಯಲ್ಲಿ ಕರಾವಳಿಯವರ ಜೊತೆ ಓಟ. ಓಟಕ್ಕೆ ಮೊದಲು ಎರಡೂ ಕಡೆಯವರು ಹಾಳೆ ಬದಲಾಯಿಸಿಕೊಳ್ಳಬೇಕು. ಹೆಚ್ಚು ಕುದುರೆ ಇದ್ದವನು ಕಡಿಮೆಯವನಿಗೆ ಮುಂದೆ ನಿಲ್ಲಲು ಜಾಗ ಬಿಡಬೇಕು, ಹದಿನೈದು ಕುದುರೆಗೆ ಒಂದು ಗಾಡಿಯುದ್ದ. ಸೋತವನು ಗಾಡಿಯನ್ನು ಅಲ್ಲೇ ಬಿಟ್ಟು ಬರಬೇಕು. ಹತ್ತು ವರ್ಷ ನಮ್ಮವರು ಗತ್ತಿನಿಂದ ಹಾಳೆ ಚಾಚಿದರು, ಗತ್ತಿನಿಂದ ಎರಡು ಗಾಡಿಯುದ್ದ ಬಿಟ್ಟುಕೊಟ್ಟರು, ಗತ್ತಿನಿಂದಲೇ ಸೋತು ಪಿಕಪ್ಪಿನ ಹಿಂದೆ ಕೂತು ಬೆಟ್ಟ ಹತ್ತಿದರು. ಕಾರಣಗಳಿಗೇನು ಕೊರತೆ? ಸಮುದ್ರದ ಉಪ್ಪು ಗಾಳಿ, ಪಟ್ಟಿಯ ಮೇಲಿನ ಮರಳು, ಬಾವುಟದವನು ಅವರ ಸೋದರಮಾವ. ನಮ್ಮ ಮಾಯೆಲೊ ತನ್ನ ಮಾಜ್ದಾ ಕಾರು ಕಳೆದುಕೊಂಡ ವರ್ಷ, ಕರಾವಳಿಯ ಬೇಸಗೆಗೆ ಬೆಟ್ಟದ ಟಯರು ಒಗ್ಗುವುದಿಲ್ಲ ಎಂದು ಅನ್ಸೆಲ್ಮೊನೇ ಸಮಾಧಾನ ಹೇಳಿದ್ದ, ಹೆಗಲ ಮೇಲೆ ಕೈಯಿಟ್ಟು. ಆ ಕೈಯನ್ನು ಈಗ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಗ್ರೀಸು. ನಾಳೆ ಎಲಾದಿಯೊನ ಸರದಿ. ಒಂಬತ್ತು ವರ್ಷ ಕೋಳಿ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಬಂದು ಕಟ್ಟಿದ ಪುಟ್ಟ ಸ್ಟಾರ್ಲೆಟ್ ಕಾರು. ಅವನಿಗೆ ಮಕ್ಕಳಿಲ್ಲ, ಬೇರೆ ಆಸ್ತಿಯೂ ಇಲ್ಲ. ಗೋಡೆಯ ಮೇಲೆ ಅವನ ಹಾಳೆ ಎಲ್ಲಕ್ಕಿಂತ ಮೇಲಿತ್ತು, ನಾನ್ನೂರ ಮೂವತ್ತೊಂದು. ಎದುರಿಗೆ ಓಡುವ ಕರಾವಳಿಯ ಲಿಸಾಂದ್ರೊನದು ನಾನ್ನೂರು. ಎರಡು ಗಾಡಿಯುದ್ದ ಬಿಡಬೇಕು, ಇಲ್ಲದ ಕುದುರೆಗಳ ಲೆಕ್ಕದಲ್ಲಿ.

ಹೇಳಿಬಿಡುವುದು. ಅಷ್ಟೇ ತಾನೆ? ಎಲಾದಿಯೊ ಬರುತ್ತಾನೆ, ಹೇಳಿಬಿಡುವುದು. ಆದರೆ ಹೇಳಿದರೆ ತಂಗಿ ನೆರೆಯ್ದಾ ಹೇಳಿದ್ದೇ ಸರಿಯಾಗುತ್ತದೆ. ಈ ಯೋಚನೆ ಬಂದ ಕೂಡಲೇ ಎದ್ದು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದ. ಏಳು ವರ್ಷದ ಹಿಂದೆ ಒಂದು ಶನಿವಾರ ತಂಗಿ ಊಟದ ಡಬ್ಬಿ ಹಿಡಿದು ಒಳಗೆ ಬಂದಿದ್ದಳು. ಆಗ ಒಳಗೇ ಬರುತ್ತಿದ್ದಳು. ಹೈಸ್ಕೂಲಿನ ಗಣಿತದ ಟೀಚರು, ಎಲ್ಲಿ ಅಂಕಿ ಕಂಡರೂ ನಿಂತು ಓದುವ ಚಾಳಿ. ಪರದೆಯ ಮೇಲಿನದನ್ನು ಓದಿದಳು, ಗೋಡೆಯ ಕಪ್ಪು ಡಬ್ಬಿ ನೋಡಿದಳು, ಇದೇನು ಅದೇನು ಎಂದು ಕೇಳಿದಳು, ಹನ್ನೆರಡು ಜನ ಗಂಡಸರ ಎದುರಿಗೆ, ಅಣ್ಣ, ನೀನು ಒಂದನ್ನೇ ಎರಡು ಸಲ ಸೇರಿಸುತ್ತಿದ್ದೀಯ ಎಂದಳು. ಮೆಲ್ಲಗೇ ಹೇಳಿದ್ದಳು. ಮೆಲ್ಲಗೆ ಹೇಳಿದ್ದರಿಂದಲೇ ಅವನಿಗೆ ಮೈಯುರಿಯಿತು. ನೆರೆಯ್ದಾ, ನಿನ್ನ ಸೀಮೆಸುಣ್ಣಕ್ಕೆ ಎಷ್ಟು ಕುದುರೆ, ಎಂದು ಕೇಳಿದ. ಶೆಡ್ಡು ಬಿದ್ದು ಬಿದ್ದು ನಕ್ಕಿತು, ಎಲ್ಲರಿಗಿಂತ ಜೋರಾಗಿ ಅವಳ ಗಂಡ. ಅವಳು ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಹೋದಳು. ಅವಳ ಗಾಡಿಯ ಹಿಂದೆ ಒಂದು ಹಾಳೆ ಅಂಟಿಕೊಂಡು ಹೋಯಿತು, ಡೈನೊ ಹಾಳೆ, ಮೊಹರು ಸಮೇತ: ಸೀಮೆಸುಣ್ಣ, ಅರ್ಧ ಕುದುರೆ. ಶನಿವಾರ ಚೌಕ ದಾಟಿದಳು, ಭಾನುವಾರ ಪೂಜೆಗೆ ಹೋಗಿ ಬಂದಳು, ಸೋಮವಾರ ಶಾಲೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿದಳು. ಆಗ ಮಕ್ಕಳು ನೋಡಿದರು. ಅಂಟಿಸಿದವನು ಮಾಯೆಲೊ. ಊರು ಪೂರ್ತಿ ಹಾಗೇ ಹೇಳುತ್ತದೆ, ಅನ್ಸೆಲ್ಮೊನೂ ಹಾಗೇ ಹೇಳುತ್ತಾನೆ. ಹಾಳೆ ಹೇಗೆ ಬಂತು ಎಂಬ ಜಾಗಕ್ಕೆ ಬಂದಾಗ ಅವನ ನೆನಪು ಸ್ವಲ್ಪ ಬೇಗ ಹೆಜ್ಜೆ ಹಾಕುತ್ತದೆ. ಅವತ್ತಿನಿಂದ ಅವಳು ಹಳದಿ ಗೆರೆ ಇರಲಿ, ಗೇಟನ್ನೂ ದಾಟಿಲ್ಲ. ಶನಿವಾರದ ಊಟ ಮಾತ್ರ ತಪ್ಪಿಸಿಲ್ಲ. ಗೇಟಿನಲ್ಲಿ ಹಾರ್ನ್ ಹೊಡೆಯುತ್ತಾಳೆ, ಅವನು ಹೋಗಿ ತರಬೇಕು. ಏಳು ವರ್ಷ ಅವನು ಆ ಅನ್ನ ತಿಂದಿದ್ದಾನೆ.

ಹನ್ನೊಂದಕ್ಕೆ ಎಲಾದಿಯೊ ಬಂದ. ಹಿಂದೆ ಎರಡು ಪಿಕಪ್ಪು ತುಂಬ ಜನ, ಮಾಯೆಲೊನೂ ಇದ್ದ. ಸ್ಟಾರ್ಲೆಟ್ಟನ್ನು ಉರುಳೆಗೆ ಹತ್ತಿಸಿ ಪಟ್ಟಿ ಬಿಗಿದರು. ಭಾವ, ಇವತ್ತು ಐದು ಕುದುರೆ ಜಾಸ್ತೀನೇ ಬರುತ್ತೆ ನೋಡ್ತಿರು ಎಂದು ಎಲಾದಿಯೊ ಬಾನೆಟ್ಟನ್ನು ಸವರಿದ. ಅನ್ಸೆಲ್ಮೊ ಕಂಪ್ಯೂಟರಿನ ಮುಂದೆ ಕೂತು, ಬೆನ್ನನ್ನು ಅಡ್ಡವಿಟ್ಟು, ಆರನೆಯ ಸಾಲಿನ ಏಳನ್ನು ಅಳಿಸಿದ. ಹೇಳುವುದಕ್ಕಿಂತ ಇದು ಸುಲಭವಾಗಿತ್ತು. ಅಂಕಿಯೇ ಹೇಳಿಬಿಡಲಿ, ಆಮೇಲೆ ನಾನು ವಿವರಿಸುತ್ತೇನೆ ಎಂದುಕೊಂಡ. ಗಾಡಿ ಕೂಗಿತು, ತಗಡಿನ ಗೋಡೆ ನಡುಗಿತು, ಗಾಳಿಯಲ್ಲಿ ಸುಟ್ಟ ರಬ್ಬರಿನ ವಾಸನೆ. ಪರದೆಯ ಮೇಲೆ ಗೆರೆ ಏರಿ, ಬಾಗಿ, ನಿಂತಿತು. ಅವನು ಅಭ್ಯಾಸದಂತೆ ಮೊದಲು ತಾನು ನೋಡಿದ, ಅಭ್ಯಾಸದಂತೆ ಒಂದು ಗಳಿಗೆ ಸುಮ್ಮನಿದ್ದ, ಅಭ್ಯಾಸದಂತೆ ಹಾಳೆ ತೆಗೆದು ಮೊಹರು ಒತ್ತಿದ.

"ನಾನ್ನೂರ ಮೂರು" ಎಂದ.

ಎಲಾದಿಯೊ ಗಾಡಿಯಿಂದ ಇಳಿದು ಬಂದು ಹಾಳೆಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದ. ಅವನ ಮುಖದಲ್ಲಿ ರಕ್ತ ಇಳಿಯುವುದನ್ನು ಅನ್ಸೆಲ್ಮೊ ನೋಡಿದ. ಈಗ ಹೇಳಬೇಕು. ನಾಲಿಗೆ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಎಲಾದಿಯೊ, ಗಾಡಿಗೆ ಏನೋ ಆಗಿದೆ ಎಂದ, ಹುಷಾರಿಲ್ಲದ ಹಸುವಿನ ಬಗ್ಗೆ ಹೇಳುವ ಹಾಗೆ. ಜನ ಮುಗಿಬಿದ್ದರು. ಇಪ್ಪತ್ತೆಂಟು ಕುದುರೆ ಎಲ್ಲಿ ಹೋದವು ಎಂದು ಬಾನೆಟ್ಟಿನೊಳಗೆ ತಲೆ ತೂರಿಸಿ ಹುಡುಕತೊಡಗಿದರು. ಒಬ್ಬ ಸ್ಪಾರ್ಕ್ ಪ್ಲಗ್ ಬಿಚ್ಚಿದ, ಇನ್ನೊಬ್ಬ ಟರ್ಬೋದ ಕೊಳವೆಗೆ ಕಿವಿಯಿಟ್ಟ, ಮಾಯೆಲೊ ಪೆಟ್ರೋಲನ್ನು ಬೆರಳಿಗೆ ಹಚ್ಚಿ ಮೂಸಿ ಇದು ದೃಷ್ಟಿಯೇ ಸರಿ ಎಂದ. ಪಾದ್ರಿಯ ತಮ್ಮ ಇಂಜಿನ್ನಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ. ಉಳಿದವರು ಎಲಾದಿಯೊನ ಹೆಗಲು ಮುಟ್ಟಿ ಮುಟ್ಟಿ ದೂರ ಹೋಗಿ ನಿಂತರು, ಸಾವಿನ ಮನೆಯಲ್ಲಿ ಮಾಡುವಂತೆ. ಅನ್ಸೆಲ್ಮೊ ಸ್ಪ್ಯಾನರು ಎತ್ತಿಕೊಡುತ್ತಿದ್ದ. ಹನ್ನೆರಡನೇ ನಂಬರು ಕೇಳಿದರೆ ಹನ್ನೆರಡು, ಹದಿನಾಲ್ಕು ಕೇಳಿದರೆ ಹದಿನಾಲ್ಕು. ಒಂದೇ ಒಂದು ವಾಕ್ಯ ಹೇಳಿದರೆ ಇದೆಲ್ಲ ನಿಲ್ಲುತ್ತದೆ ಎಂದು ಗೊತ್ತಿದ್ದ ಮನುಷ್ಯ ಎರಡು ಗಂಟೆ ಹೊತ್ತು ಎಷ್ಟು ಚುರುಕಾಗಿ ಸ್ಪ್ಯಾನರು ಎತ್ತಿಕೊಟ್ಟ ಎಂದರೆ, ನಿನ್ನಂಥ ಭಾವ ಯಾರಿಗೆ ಸಿಗ್ತಾರೆ ಎಂದು ಎಲಾದಿಯೊನ ಕಣ್ಣು ತೇವವಾಯಿತು. ಥೂ ನಿನ್ನ ಎಂದು ಅನ್ಸೆಲ್ಮೊ ತನಗೆ ತಾನೇ ಅಂದುಕೊಂಡ, ಮತ್ತೆ ಹದಿನೇಳನೇ ನಂಬರು ಹುಡುಕಲು ಬಗ್ಗಿದ.

ಒಂದೂವರೆಗೆ ಹಾರ್ನ್ ಕೇಳಿಸಿತು. ಅನ್ಸೆಲ್ಮೊ ಗೇಟಿಗೆ ಹೋದ, ಅವನಿಗಿಂತ ಮುಂಚೆ ಎಲಾದಿಯೊ ಹಾಳೆ ಮುದುರಿ ಹಿಡಿದುಕೊಂಡು ಹೋಗಿ ಹೆಂಡತಿಯ ಮುಂದೆ ನಿಂತಿದ್ದ. ನಾನ್ನೂರ ಮೂರು ಕಣೇ, ಗಾಡಿ ಸತ್ತುಹೋಯ್ತು, ನಾಳೆ ಹೋಗೋದೇ ಬೇಡವೇನೋ ಎನ್ನುತ್ತಿದ್ದ. ಕೋಪ ಬಂದು ಹಾಳೆಯನ್ನು ನೆಲಕ್ಕೆ ಎಸೆದು ವಾಪಸು ಹೋದ. ನೆರೆಯ್ದಾ ಬಗ್ಗಿ ಎತ್ತಿಕೊಂಡಳು, ತನ್ನ ಗಾಡಿಯ ಬಾನೆಟ್ಟಿನ ಮೇಲೆ ಇಸ್ತ್ರಿ ಮಾಡುವವಳ ಹಾಗೆ ಸವರಿದಳು, ಓದಿದಳು. ಅವಳ ತುಟಿ ಒಂದಿಷ್ಟು ಅಲುಗಿದ್ದನ್ನು ಅನ್ಸೆಲ್ಮೊ ಕಂಡ. ಭಾಗಾಕಾರ ಮಾಡುವಾಗ ಅವಳ ತುಟಿ ಚಿಕ್ಕಂದಿನಿಂದಲೂ ಹಾಗೆ ಅಲುಗುತ್ತಿತ್ತು. ನಾನ್ನೂರ ಮೂವತ್ತೊಂದನ್ನು ಒಂದು ಪಾಯಿಂಟ್ ಸೊನ್ನೆ ಏಳರಿಂದ. ತಲೆಯೆತ್ತಿ ಅಣ್ಣನನ್ನು ನೋಡಿದಳು, ಅವನು ಡಬ್ಬಿಗೆ ಕೈಚಾಚಿದ. ಅವಳು ಡಬ್ಬಿ ಕೊಡಲಿಲ್ಲ, ಹಿಡಿದುಕೊಂಡೇ ಇದ್ದಳು. ಅವನೂ ಹಿಡಿದುಕೊಂಡ. ಒಂದು ಅನ್ನದ ಡಬ್ಬಿಯನ್ನು ಇಬ್ಬರೂ ಹಿಡಿದು ನಿಂತ ಆ ಹೊತ್ತಿನಲ್ಲಿ ಅವನು ಕಂಡದ್ದು ಅವಳ ತೋಳಿನ ಮೇಲಿನ ಸೀಮೆಸುಣ್ಣದ ಪುಡಿಯನ್ನು. ಶನಿವಾರ ಶಾಲೆಯಿಲ್ಲ, ಯಾರಿಗೋ ಮನೆಯಲ್ಲಿ ಪಾಠ ಹೇಳಿರಬೇಕು.

"ಅವನಿಗೆ ಹೇಳಿದ್ಯಾ?" ಎಂದಳು.

"ಹೇಳ್ತೀನಿ."

ಅವಳು ಡಬ್ಬಿ ಬಿಟ್ಟಳು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೈಚೀಲಕ್ಕೆ ಹಾಕಿಕೊಂಡು ಗಾಡಿ ತಿರುಗಿಸಿದಳು. ಒಳಗೆ ಬಂದಾಗ ಎಲಾದಿಯೊ ನೆಲದ ಮೇಲೆ ಕಾಲು ಚಾಚಿ, ಒಂಬತ್ತು ವರ್ಷ ಮಣ್ಣುಪಾಲಾಯಿತು ಎಂದು ಅಳುತ್ತಿದ್ದ, ನಿಜವಾಗಿ ಅಳುತ್ತಿದ್ದ, ಮೂಗು ಒರೆಸಿದ ಕಡೆ ಗ್ರೀಸು ಬಳಿದುಕೊಂಡಿತ್ತು. ಅನ್ಸೆಲ್ಮೊನಿಗೆ ಅವನ ಮೇಲೆ ಪ್ರೀತಿ ಉಕ್ಕಿತು, ಅದೇ ಅವನನ್ನು ಕೆಡಿಸಿತು. ಸತ್ಯ ಹೇಳಿದರೆ ಈ ಮನುಷ್ಯನ ಇಪ್ಪತ್ತೆಂಟು ಕುದುರೆ ಶಾಶ್ವತವಾಗಿ ಹೋಗುತ್ತವೆ. ಹೇಳದಿದ್ದರೆ ಐದು ನಿಮಿಷದಲ್ಲಿ ವಾಪಸು ಬರುತ್ತವೆ. ಪಟ್ಟಿ ಸಡಿಲ ಇತ್ತು ಅಂತ ಕಾಣುತ್ತೆ, ಟಯರು ಜಾರಿದೆ, ಇನ್ನೊಂದು ಸಲ ನೋಡೋಣ ಎಂದ. ಬೆನ್ನನ್ನು ಅಡ್ಡವಿಟ್ಟು ಆರನೆಯ ಸಾಲಿಗೆ ಏಳನ್ನು ಹಿಂತಿರುಗಿಸಿದ. ಗಾಡಿ ಕೂಗಿತು. ನಾನ್ನೂರ ಮೂವತ್ತೊಂದು ಎಂದ. ಹಳದಿ ಗೆರೆ ದಾಟಿ ಬಂದು ಜನ ಅವನನ್ನು ಅಪ್ಪಿಕೊಂಡರು, ಪಾದ್ರಿಯ ತಮ್ಮ ಆಕಾಶ ತೋರಿಸಿದ. ಮಾಯೆಲೊ, ಅನ್ಸೆಲ್ಮೊ ಇಲ್ಲದಿದ್ದರೆ ಈ ಬೆಟ್ಟದ ಗತಿಯೇನು ಎಂದ. ಅನ್ಸೆಲ್ಮೊ ತಂಗಿ ಕೊಟ್ಟ ಡಬ್ಬಿ ತೆರೆದ, ತೊಗರಿಕಾಳಿನ ಅನ್ನ, ಹಂದಿಮಾಂಸದ ಚೂರು. ಪೂರ್ತಿ ತಿಂದ.

ಭಾನುವಾರ ಗಿರಣಿಯ ಹಿಂದೆ ಬಿಸಿಲು ರಾಚುತ್ತಿತ್ತು. ಕರಾವಳಿಯ ನಿಯಮದಂತೆ ಗಾಜಿನ ಮೇಲಿನ ಅಂಕಿ ಒರೆಸಿ ಸಾಲುಸಂಖ್ಯೆ ಬರೆಸಿಕೊಂಡು ಎಲಾದಿಯೊ ಟಯರು ಕಾಯಿಸಲು ಹೋಗಿದ್ದ. ಕಾಗದಪತ್ರ ಯಾವತ್ತೂ ನೆರೆಯ್ದಾಳ ಚೀಲದಲ್ಲಿ. ಎಲಾದಿಯೊ ತನ್ನ ಮದುವೆಯ ಸರ್ಟಿಫಿಕೇಟನ್ನೇ ಎರಡು ಸಲ ಕಳೆದವನು. ಹಾಳೆ ಬದಲಾಯಿಸುವ ಮೇಜಿನ ಹತ್ತಿರ ಅವಳು ಲಿಸಾಂದ್ರೊನ ಎದುರು ನಿಂತದ್ದನ್ನು ಅನ್ಸೆಲ್ಮೊ ದೂರದಿಂದ, ಕರಿದ ಮೀನಿನ ಗಾಡಿಯ ನೆರಳಿನಿಂದ ನೋಡಿದ. ಅವಳ ಕೈಯಲ್ಲಿದ್ದ ಹಾಳೆಗೆ ನಾಲ್ಕು ಮಡಿಕೆಯ ಗುರುತಿತ್ತು. ಅವನಿಗೆ ತಕ್ಷಣ ಅರ್ಥವಾಯಿತು, ಹೆಜ್ಜೆ ಮಾತ್ರ ಏಳಲಿಲ್ಲ. ಬಾವುಟದವನು ಎರಡೂ ಗಾಡಿಯನ್ನು ಒಂದೇ ಗೆರೆಗೆ ತಂದು ನಿಲ್ಲಿಸಿದ. ಎಲಾದಿಯೊ ಕೈಯಾಡಿಸಿ ಹೆಲ್ಮೆಟ್ಟಿನೊಳಗಿಂದ, ಏನಿದು, ನಾನು ಹಿಂದೆ ನಿಲ್ಲಬೇಕಲ್ಲ ಎಂದು ಕೇಳುತ್ತಿದ್ದ, ಬಾವುಟ ಬಿತ್ತು. ಹನ್ನೊಂದು ಸೆಕೆಂಡು. ಸ್ಟಾರ್ಲೆಟ್ಟು ಅರ್ಧ ಗಾಡಿಯಷ್ಟು ಮುಂದೆ. ಹತ್ತು ವರ್ಷದಲ್ಲಿ ಬೆಟ್ಟ ಮೊದಲ ಸಲ ಗೆದ್ದಿತು.

ನಮ್ಮವರಿಗೆ ಗೆದ್ದು ಅಭ್ಯಾಸವಿಲ್ಲ. ಸ್ವಲ್ಪ ಹೊತ್ತು ಏನು ಮಾಡಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಮಾಯೆಲೊ ಶೂ ಪಾಲಿಶ್ ತೆಗೆದು ಸ್ಟಾರ್ಲೆಟ್ಟಿನ ಗಾಜಿನ ಮೇಲೆ ಆಳೆತ್ತರ ಬರೆದ, ನಾನ್ನೂರ ಮೂವತ್ತೊಂದು. ಅದೇ ಹೊತ್ತಿಗೆ ಲಿಸಾಂದ್ರೊ ತನ್ನ ಗಾಡಿಯ ಕೀ ಹಿಡಿದುಕೊಂಡು ಬಂದ, ಒಳ್ಳೆಯ ಮನುಷ್ಯ, ಸೋತದ್ದನ್ನು ಒಪ್ಪಿಕೊಂಡೇ ಬಂದಿದ್ದ. ಗಾಜನ್ನು ನೋಡಿದ. ಕಿಸೆಯಿಂದ ಹಾಳೆ ತೆಗೆದು ನೋಡಿದ. ಮತ್ತೆ ಗಾಜನ್ನು ನೋಡಿದ. ಕೀಯನ್ನು ಕಿಸೆಗೆ ಹಾಕಿಕೊಂಡ. ನನಗೆ ಕೊಟ್ಟ ಹಾಳೆಯಲ್ಲಿ ನಾನ್ನೂರ ಮೂರು ಇದೆಯಲ್ಲ ಎಂದು ಕೇಳಿದ. ಎಲಾದಿಯೊ ಹೆಂಡತಿಯ ಕಡೆ ತಿರುಗಿದ. ಬೆಟ್ಟದವರಿಗೆ ನಿಧಾನವಾಗಿ ಬೆಳಕಾಯಿತು, ಎಂಥ ಬೆಳಕು! ಟೀಚರಮ್ಮ ಸುಳ್ಳು ಹಾಳೆ ಮಾಡಿಸಿ ಕರಾವಳಿಯವರ ಕಿವಿಗೆ ಹೂವಿಟ್ಟಿದ್ದಾಳೆ. ಮಾಯೆಲೊ ಚಪ್ಪಾಳೆ ತಟ್ಟಿದ. ಭಲೇ ಟೀಚರಮ್ಮ, ಇಷ್ಟು ದಿನ ಈ ಬುದ್ಧಿ ಎಲ್ಲಿಟ್ಟಿದ್ರಿ ಎಂದ. ಅವಳ ಬೆನ್ನು ತಟ್ಟಲು ನಾಲ್ಕು ಕೈ ಮುಂದೆ ಬಂದವು, ಏಳು ವರ್ಷದ ಹಿಂದೆ ನಕ್ಕ ಅದೇ ಬಾಯಿಗಳು ಈಗ ಹೆಮ್ಮೆಯಿಂದ ನಗುತ್ತಿದ್ದವು. ನಿಜ ಹೇಳಿದಾಗ ಪೆದ್ದಿ, ಕಳ್ಳಿ ಎಂದುಕೊಂಡಾಗ ಜಾಣೆ.

ಲಿಸಾಂದ್ರೊ ನಗಲಿಲ್ಲ. ಸುಳ್ಳು ಹಾಳೆ ಕೊಟ್ಟವರ ಗಾಡಿ ಎದುರಾಳಿಗೆ ಹೋಗುತ್ತದೆ, ನಿಯಮ ನಿಮಗೂ ಗೊತ್ತು ಎಂದ. ಎಲಾದಿಯೊ ಸ್ಟಾರ್ಲೆಟ್ಟಿನ ಬಾಗಿಲಿಗೆ ಬೆನ್ನುಕೊಟ್ಟು ನಿಂತ. ಲಿಸಾಂದ್ರೊ ನೆರೆಯ್ದಾಳ ಕಡೆ ತಿರುಗಿ ದನಿಯೇರಿಸದೆ ಕೇಳಿದ.

"ನೀವು ಮಕ್ಕಳಿಗೆ ಪಾಠ ಹೇಳೋರಂತೆ, ಹೌದಾ ಅಮ್ಮ?"

ಅವಳು ಸಮರ್ಥಿಸಿಕೊಳ್ಳಲಿಲ್ಲ, ಅಣ್ಣನ ಕಡೆ ಬೆರಳು ತೋರಿಸಲಿಲ್ಲ, ಅವನನ್ನು ನೋಡಲೂ ಇಲ್ಲ. ಚೀಲದ ಜಿಪ್ಪನ್ನು ಹಾಕಿದಳು, ತೆಗೆದಳು, ಹಾಕಿದಳು. ಮೀನಿನ ಗಾಡಿಯ ನೆರಳಿನಲ್ಲಿ ಅನ್ಸೆಲ್ಮೊನ ಕೈಯಲ್ಲಿದ್ದ ಕರಿದ ತುಂಡಿನಿಂದ ಎಣ್ಣೆ ಮಣಿಕಟ್ಟಿಗೆ ಇಳಿಯುತ್ತಿತ್ತು. ಸುಮ್ಮನಿದ್ದರೆ ಏನಾಗುತ್ತದೆ ಎಂದು ಅವನ ತಲೆ ಲೆಕ್ಕ ಹಾಕಿತು, ಅಭ್ಯಾಸಬಲ. ಸುಮ್ಮನಿದ್ದರೆ ಗಾಡಿ ಹೋಗುತ್ತದೆ, ತಂಗಿ ಎರಡೂ ಊರಿನ ಬಾಯಲ್ಲಿ ಕಳ್ಳಿಯಾಗಿ ಉಳಿಯುತ್ತಾಳೆ, ಗೋಡೆ ಉಳಿಯುತ್ತದೆ. ನಾಲ್ಕನೆಯದು ಏನಾದರೂ ಇದೆಯೇ ಎಂದು ಹುಡುಕಿದ. ಆಗ ಅವಳ ಹಳೆಯ ಗಾಡಿ ಕಣ್ಣಿಗೆ ಕಟ್ಟಿತು, ಚೌಕ ದಾಟಿ ಹೋಗುತ್ತಿರುವುದು, ಹಿಂದೆ ಹಾಳೆ ಪಟಪಟ ಹಾರುತ್ತಿರುವುದು, ತಾನು ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿರುವುದು. ಕೂಗಿದ್ದರೆ ಅವಳಿಗೆ ಕೇಳಿಸುವಷ್ಟು ಹತ್ತಿರವಿತ್ತು. ಅನ್ಸೆಲ್ಮೊ ಮೀನನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಬಿಸಿಲಿಗೆ ಬಂದ.

"ಹಾಳೆ ಸರಿಯಾಗಿದೆ. ನಾನ್ನೂರ ಮೂರೇ ನಿಜ. ಸುಳ್ಳು ಇರೋದು ನನ್ನ ಗೋಡೆ ಮೇಲೆ."

ಮಾಯೆಲೊ ನಕ್ಕ, ಇದೂ ನಾಟಕದ ಮುಂದಿನ ಭಾಗವೆಂದುಕೊಂಡು ಕಣ್ಣು ಮಿಟುಕಿಸಿದ. ಅನ್ಸೆಲ್ಮೊ ಅವನನ್ನೇ ನೋಡಿ ಹೇಳಿದ, ಕಪ್ಪು ಡಬ್ಬಿಯ ವಿಷಯ, ಆರನೆಯ ಸಾಲಿನ ವಿಷಯ, ಏಳು ಸೇರಿಸಿದ್ದು, ನಿನ್ನೆ ತೆಗೆದದ್ದು, ಮತ್ತೆ ಹಾಕಿದ್ದು. ಬೆಟ್ಟವನ್ನು ಎರಡು ಸಲ ಎಣಿಸಿದೆ ಎಂದ. ನನ್ನ ತಂಗಿ ಏಳು ವರ್ಷದ ಹಿಂದೆಯೇ ಹೇಳಿದ್ದಳು, ನೀವೆಲ್ಲ ಇದ್ದಿರಿ, ನೀವು ನಕ್ಕಿರಿ, ನಾನು ನಗಿಸಿದೆ. ಮಾತು ಮುಗಿದ ಮೇಲೆ ಎಲ್ಲೋ ಒಂದು ಇಂಜಿನ್ನು ಆರಿಸಿದ ಸದ್ದು, ಗಿರಣಿಯ ಚಿಮಣಿಯ ಮೇಲೆ ಹದ್ದು. ಲಿಸಾಂದ್ರೊ ಹಾಳೆಯನ್ನು ಮಡಿಚಿದ. ಅವನ ಮುಖದಲ್ಲಿ ಮೊದಲು ಅನುಮಾನ, ಆಮೇಲೆ ಇನ್ನೇನೋ.

"ಹಂಗಾದ್ರೆ ಹತ್ತು ವರ್ಷ ನೀವು ಸುಮ್‌ಸುಮ್ನೆ ಎರಡೆರಡು ಗಾಡಿ ಜಾಗ ಬಿಟ್ಕೊಟ್ರಾ?"

ಕೇಳಿ, ಕೀಯನ್ನು ಎಲಾದಿಯೊನ ಅಂಗೈಯಲ್ಲಿಟ್ಟು, ಅವನು ನಗತೊಡಗಿದ. ನಿಲ್ಲಿಸಲು ಪ್ರಯತ್ನಪಟ್ಟ, ಆಗಲಿಲ್ಲ, ಸ್ಟಾರ್ಲೆಟ್ಟಿನ ಬಾನೆಟ್ಟಿಗೆ ಕೈಯೂರಿ ಬಗ್ಗಿ ನಕ್ಕ, ಅವನ ಹಿಂದೆ ಇಡೀ ಕರಾವಳಿ ನಕ್ಕಿತು. ಬೆಟ್ಟದವರು ನಗಲಿಲ್ಲ, ಮನಸ್ಸಿನಲ್ಲೇ ಓಟಗಳನ್ನು ಹಿಂದಕ್ಕೆ ಓಡಿಸುತ್ತಿದ್ದರು. ಒಂದು ಗಾಡಿಯುದ್ದಕ್ಕೆ ಸೋತವರು, ಒಂದೂವರೆಗೆ ಸೋತವರು. ಮಾಯೆಲೊ ತನ್ನ ಮಾಜ್ದಾ ಹೋದ ವರ್ಷದ ಬಗ್ಗೆ ಏನೂ ಕೇಳಲಿಲ್ಲ. ಆ ಮಾಜ್ದಾ ಹತ್ತು ಮಾರು ದೂರದಲ್ಲೇ ನಿಂತಿತ್ತು, ಬೇರೆ ಬಣ್ಣ ಬಳಿದುಕೊಂಡು. ಅವನು ಕರವಸ್ತ್ರ ತೆಗೆದು ಗಾಜಿನ ಮೇಲಿನ ಅಂಕಿಯನ್ನು ಒರೆಸಿದ, ಉಗುಳು ಹಚ್ಚಿ ಒರೆಸಿದ, ಬಿಳಿ ಎಲ್ಲ ಕಡೆ ಹರಡಿಕೊಂಡಿತು. ಎರಡು ಗಾಡಿಯ ಒಡೆಯನಾದ ಎಲಾದಿಯೊ ಇಪ್ಪತ್ತೆಂಟು ಕುದುರೆ ಸತ್ತವನ ಮುಖ ಹೊತ್ತು ಸ್ಟಾರ್ಲೆಟ್ಟಿನಲ್ಲಿ ಕೂತು, ಯಾರನ್ನೂ ಕರೆಯದೆ, ಹೆಂಡತಿಯನ್ನೂ ಕರೆಯದೆ ಹೊರಟುಹೋದ. ಲಿಸಾಂದ್ರೊನ ಗಾಡಿಯನ್ನು ಪಾದ್ರಿಯ ತಮ್ಮ ಹಿಂದೆ ಹಿಂದೆಯೇ ಓಡಿಸಿಕೊಂಡು ಹೋದ. ಗೆದ್ದು ಇಷ್ಟು ಸಪ್ಪಗೆ ಮನೆಗೆ ಹೋದ ಜನವನ್ನು ಗ್ವಾಯಾಮಾ ಕಂಡಿರಲಾರದು.

ಅನ್ಸೆಲ್ಮೊನ ಪಿಕಪ್ಪಿನಲ್ಲಿ ಬರುವಾಗ ಆರು ಜನರಿದ್ದರು, ಹೋಗುವಾಗ ಯಾರೂ ಹತ್ತಲಿಲ್ಲ. ಅವನು ಕೈ ಒರೆಸಿಕೊಂಡು ಕೀ ತಿರುಗಿಸುವಾಗ ಪಕ್ಕದ ಬಾಗಿಲು ತೆರೆಯಿತು. ನೆರೆಯ್ದಾ ಹತ್ತಿ ಕೂತು ಚೀಲವನ್ನು ಮಡಿಲಲ್ಲಿಟ್ಟುಕೊಂಡಳು. ಬಯಲು ಮುಗಿಯುವವರೆಗೆ ಅವಳು ಏನಾದರೂ ಹೇಳಬಹುದೆಂದು ಅವನು ಕಾದ, ಒಳ್ಳೆಯದು ಮಾಡಿದೆ ಅಣ್ಣ ಎಂದೋ, ತಡವಾದರೂ ಸರಿ ಎಂದೋ. ಎಲ್ಲರೆದುರು ಬಾಯಿಬಿಟ್ಟಿದ್ದಾನೆ, ಅಷ್ಟಕ್ಕಾದರೂ ಒಂದು ಮಾತು ಸಿಗಬೇಡವೇ ಎಂದು ಅವನೊಳಗಿನ ಅಂಗಡಿಯವನು ಆಗಲೇ ಕೈಚಾಚಿ ಕೂತಿದ್ದ. ರಸ್ತೆ ಮೊದಲ ತಿರುವು ತೆಗೆದುಕೊಂಡು ಬೆಟ್ಟಕ್ಕೆ ಬಿತ್ತು, ಕಿವಿ ಗುಂಯ್ ಎಂದಿತು.

"ಅಣ್ಣ, ಆ ಅರ್ಧ ಕುದುರೆ ಇತ್ತಲ್ಲ" ಎಂದಳು ನೆರೆಯ್ದಾ, ರಸ್ತೆ ನೋಡುತ್ತಲೇ. "ಅದಕ್ಕೂ ಬೆಟ್ಟ ಸೇರಿಸಿದ್ಯಾ?"

ಏಳು ವರ್ಷ ಅವಳು ಕೇಳಿರಲಿಲ್ಲ. ಅಂಟಿಸಿದವನು ಮಾಯೆಲೊ ಎಂದು ಊರೆಲ್ಲ ಹೇಳುವಾಗ ಅವಳೂ ಕೇಳಿಸಿಕೊಂಡು ಸುಮ್ಮನಿದ್ದಳು. ಈಗಲೂ ಹಾಗೇ ಹೇಳಬಹುದಿತ್ತು. ಸಾಕ್ಷಿ ಯಾರೂ ಇರಲಿಲ್ಲ. ಅನ್ಸೆಲ್ಮೊ ಗೇರಿನ ಮೇಲೆ ಕೈಯಿಟ್ಟ.

"ಇಲ್ಲ. ಅದು ಡೈನೊ ಕೊಟ್ಟ ಅಂಕಿ ಅಲ್ಲ. ಮಾಯೆಲೊ ಅಂಟಿಸಿದ, ಅಷ್ಟೇ. ಟೈಪ್ ಮಾಡಿ, ಹಾಳೆ ತೆಗೆದು, ಮೊಹರು ಒತ್ತಿದ್ದು ನಾನು."

"ಗೊತ್ತು" ಎಂದಳು ಅವಳು. "ಗೇರ್ ಇಳಿಸು, ಏರು ಬಂತು."